ಕದಲದೆ ನಿಂತಿದ್ದ ಬೂದು ಬಕ

ಗೆಳೆಯರೇ, ಇವತ್ತು ಬೆಳಿಗ್ಗೆ ಕೆ.ಆರ್. ಪುರದ ಹತ್ತಿರದ ಕೆರೆಯಲ್ಲಿ ನಾವು ನಾಲ್ವರು ಹಕ್ಕಿ ನೋಡುವವರು ಒಂದು ಬೂದು ಬಕವನ್ನು ಮುಕ್ಕಾಲು ಗಂಟೆ ಹೊಗಳಿದೆವು. ನವೆಂಬರ್ ಚಳಿಯಲ್ಲಿ ಜೊಂಡಿನ ಪಕ್ಕ ಅದು ಕದಲದೆ ನಿಂತಿತ್ತು.

"ಎಂಥ ತಾಳ್ಮೆ ಗುರು! ಪೋಸ್ ಕೊಡ್ತಿದೆ" ಎಂದ ಒಬ್ಬ ಗೆಳೆಯ. ನಾನು ಹಕ್ಕಿಗಳ ಪಟ್ಟಿಯಲ್ಲಿ "ವಿಶ್ರಾಂತಿಯಲ್ಲಿದೆ" ಎಂದು ಬರೆದುಕೊಂಡೆ.

ದಂಡೆ ಗುಡಿಸುತ್ತಿದ್ದ ಯಾದಗಿರಿ ಕಡೆಯ ಶರಣಮ್ಮ ಪೊರಕೆ ಕೆಳಗಿಟ್ಟು, ಸೀರೆ ಎತ್ತಿ ಕಟ್ಟಿ ನೀರಿಗಿಳಿದರು. ಹಕ್ಕಿಯಿಂದ ದೂರವಿರಬೇಕು ಎನ್ನುವುದು ನಮ್ಮ ಮೊದಲ ನಿಯಮ. ನಾನು ಕೂಗಿದೆ: "ಅಮ್ಮಾ, ಹತ್ರ ಹೋಗ್ಬೇಡಿ, ಹಾರಿಹೋಗುತ್ತೆ!"

ಅವರು ತಿರುಗಿಯೂ ನೋಡಲಿಲ್ಲ. "ಹಾರ್ಲಿ ಅಂತನೇ ಹೊಂಟೀನ್ರಿ. ನಿನ್ನೆ ಸಂಜಿ ಮನಿಗೆ ಹೋಗುವಾಗೂ ಅಲ್ಲೇ ನಿಂತಿತ್ತು, ಈಗೂ ಅಲ್ಲೇ ಅದ."

ಹಕ್ಕಿಯ ಕಾಲಿಗೆ ಯಾರೋ ಬಿಟ್ಟುಹೋದ ಗಾಳದ ದಾರ ಸುತ್ತಿಕೊಂಡಿತ್ತು. ಶರಣಮ್ಮ ತಲೆಗೆ ಸುತ್ತಿದ್ದ ಟವೆಲ್ಲನ್ನು ಹಕ್ಕಿಯ ಮೇಲೆ ಹಾಕಿ ಹಿಡಿದು, ದಾರವನ್ನು ಹಲ್ಲಿನಿಂದ ಕಡಿದರು. ಹಕ್ಕಿ ಎರಡು ಸಲ ನೀರಿಗೆ ಬಿದ್ದು, ಮೂರನೆಯ ಸಲ ಹಾರಿತು. ಒಂದು ಕಾಲು ಜೋತಾಡುತ್ತಿತ್ತು.

ಮನೆಗೆ ಬಂದು ನಾನು ತೆಗೆದ ಫೋಟೊಗಳನ್ನು ನೋಡಿದೆ. ಕಾಲಿನಿಂದ ಜೊಂಡಿನವರೆಗೆ ಬಿಗಿದಿದ್ದ ಆ ದಾರ ಪ್ರತಿಯೊಂದರಲ್ಲೂ ಇದೆ. ಎಳೆ ಎಳೆಯಾಗಿ ಕಾಣುತ್ತದೆ. ಕ್ಯಾಮೆರಾ ಅಷ್ಟು ಒಳ್ಳೆಯದು.