ಹಸಿರು ಶಾಯಿಯವಳ ವಾರ

ನಮ್ಮ ಪಥೇನ್ ಊರಿನ ಕಾಲದಂಚೆ ಕಚೇರಿಯಲ್ಲಿ ಕಾಗದ ತಪಾಸಣೆಯ ಊ ಟುನ್ ನ್ಯೋ ಅವರ ಕಣ್ಣು ತಪ್ಪಿಸಿ ಒಂದು ಸಾಲೂ ದಾಟುವುದಿಲ್ಲ. ಮುಂದಿನ ಶತಮಾನದವರಿಗೂ ನಮಗೂ ಯುದ್ಧ. ಸೆರೆಯಾಳುಗಳ ಕಾಗದಗಳು ಮಾತ್ರ ಕಾಲ ದಾಟಿ ಅತ್ತಿತ್ತ ಹೋಗುತ್ತವೆ. ಅವುಗಳಲ್ಲಿನ ಗುಟ್ಟನ್ನು ಊ ಟುನ್ ನ್ಯೋ ಕೆಂಪು ಶಾಯಿಯಲ್ಲಿ ಹೊಡೆದುಹಾಕುತ್ತಾರೆ, ಆ ಕಡೆಯ ಗುಮಾಸ್ತೆ ಹಸಿರಿನಲ್ಲಿ. ದವಡೆಗೆ ಎಲೆಯಡಿಕೆ ಒತ್ತರಿಸಿ, "ಶತ್ರುಗೆ ನಮ್ಮ ಹವಾಮಾನಾನೂ ಗೊತ್ತಾಗಬಾರ್ದು ಕಣಯ್ಯ" ಎಂದು 'ಮಳೆ' ಎಂಬ ಮಾತನ್ನೂ ಬಿಡುತ್ತಿರಲಿಲ್ಲ. ಪ್ರೇಮಪತ್ರ ಸಿಕ್ಕರೆ ಗೊಣಗಾಟ: "ಹೆಸರಿನ ಮೊದಲಕ್ಷರ ನೋಡಿದ್ರೇ ಹುಟ್ಟಿದ ವಾರ ಗೊತ್ತಾಗತ್ತೆ, ಇವನು ಶನಿವಾರ ಹುಟ್ಟಿದವನು, ಅವಳು ಗುರುವಾರ. ಶನಿವಾರಕ್ಕೂ ಗುರುವಾರಕ್ಕೂ ಎಲ್ಲಾದ್ರೂ ಆಗಿಬರತ್ತಾ?" ಒಮ್ಮೆ ಅಂಚಿನಲ್ಲಿ ಹಸಿರು ಸಾಲು ಬಂತು: "ಮಳೆಯನ್ನಾದರೂ ಬಿಡಿ. ನಮ್ಮಲ್ಲಿ ಮಳೆ ಬಂದು ನಾಲ್ಕು ವರ್ಷವಾಯಿತು." ಕೆಳಗೆ ಅವಳ ಹೆಸರಿನ ರುಜುವೂ ಇತ್ತು. ಅಂದಿನಿಂದ ದಿನದಿನದ ಮಳೆಯನ್ನು ಇವರೇ ಅಂಚಿನಲ್ಲಿ ಬರೆದು ಕಳಿಸುತ್ತಾರೆ, ಸಿಕ್ಕಿಬಿದ್ದರೆ ನೇಣು. "ಏನಣ್ಣಾ, ಶತ್ರು ಜೊತೆ ಸರಸವಾ?" ಎಂದು ನಾವು ಕೆಣಕಿದರೆ, "ಥೂ, ಅವಳಿನ್ನೂ ಹುಟ್ಟೇ ಇಲ್ವಲ್ಲೋ" ಎನ್ನುತ್ತಾರೆ. ಹುಣ್ಣಿಮೆಗೆ ಪಗೋಡದಲ್ಲಿ ನಾವೆಲ್ಲ ಅವರವರು ಹುಟ್ಟಿದ ವಾರದ ಮೂಲೆಗೆ ಹೋಗಿ ಬುದ್ಧನಿಗೆ ನೀರೆರೆಯುತ್ತೇವೆ. ಶನಿವಾರ ಹುಟ್ಟಿದ ಊ ಟುನ್ ನ್ಯೋ ಈಚೆಗೆ ತಮ್ಮ ಮೂಲೆಯನ್ನು ದಾಟಿ ಹೋಗಿ, ಗುರುವಾರದ ಮೂಲೆಯಲ್ಲಿ ಬಿಂದಿಗೆ ಬರಿದಾಗುವವರೆಗೆ ನೀರು ಸುರಿಯುತ್ತಾರೆ.