ಲಗ್ನಪತ್ರಿಕೆಯಂಥ ಸ್ಲೈಡು

ನಮ್ಮ ಹೈಸ್ಕೂಲಿಗೆ ಪ್ರೊಜೆಕ್ಟರ್ ಬಂದಾಗ ಎಲ್ಲರಿಗಿಂತ ಹೆಚ್ಚು ಖುಷಿಪಟ್ಟವರು ಸಮಾಜ ವಿಜ್ಞಾನದ ಸರ್. ಅದಕ್ಕೆ ಕಾರಣವಿತ್ತು. ಕಲಘಟಗಿ ತಾಲ್ಲೂಕಿನ ಈ ಹಳ್ಳಿಯಲ್ಲಿ ಅವರು ಪಾಠ ಮಾಡಿದರೆ ಬಸ್‌ಸ್ಟ್ಯಾಂಡಿನ ತನಕ ಕೇಳುತ್ತಿತ್ತು. ಆ ವರ್ಷ ಗಂಟಲು ಕೈಕೊಟ್ಟಿತು. ಕೂಗಿದರೆ ಇರುವಷ್ಟು ದನಿಯೂ ಹೋದೀತು ಎಂದು ಹುಬ್ಬಳ್ಳಿಯ ಡಾಕ್ಟರು ಹೇಳಿಬಿಟ್ಟರು. ಪಾಠ ಆಗದಿದ್ದರೆ ಆಫೀಸಿನ ಕೆಲಸ ನೋಡಿಕೊಳ್ಳಿ ಎಂದು ಹೆಡ್‌ಮಾಸ್ಟರು ಮೆತ್ತಗೆ ಸೂಚಿಸಿದ್ದರು. ತರಗತಿ ಬಿಟ್ಟು ಫೈಲಿನ ಮುಂದೆ ಕೂರುವುದೆಂದರೆ ಆ ಮನುಷ್ಯನಿಗೆ ಜೀವ ಹೋದಷ್ಟು ಸಂಕಟ.

"ಇನ್ನ ಮ್ಯಾಲೆ ಗ್ವಾಡೀನ ಮಾತಾಡ್ತೈತ್ರಿ ಬಾಯಾರ," ಎಂದು ನನಗೆ ಪಿಸುಗುಟ್ಟಿದರು. ಬಾಯಾರು ಎಂದರೆ ನಮ್ಮ ಕಡೆ ಟೀಚರಮ್ಮ. ನಾನು ಗಣಿತದವಳು, ಅವರಿಗಿಂತ ಚಿಕ್ಕವಳು, ಸಿಟ್ಟು ಮೂಗಿನ ತುದಿಯಲ್ಲೇ. ಆದರೂ ಕಂಪ್ಯೂಟರ್ ಎಂದರೆ ಎಲ್ಲರೂ ನನ್ನ ಹತ್ತಿರವೇ ಬರುತ್ತಾರೆ.

ಅವರು ಮಾಡಿಕೊಂಡು ಬಂದ ಸ್ಲೈಡು ನೋಡಿ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಅಣ್ಣಿಗೇರಿಯಲ್ಲಿ ಅವರ ಮನೆತನದ್ದು ಲಗ್ನಪತ್ರಿಕೆ ಅಚ್ಚು ಹಾಕುವ ಪ್ರೆಸ್ಸು; ಸರ್ ಆ ಮಸಿಯ ವಾಸನೆಯಲ್ಲೇ ಬೆಳೆದವರು. ಹೀಗಾಗಿ ಮಣ್ಣಿನ ಪಾಠಕ್ಕೂ ಸುತ್ತ ಬಂಗಾರದ ಬಣ್ಣದ ಅಂಚು, ಮೂಲೆಮೂಲೆಗೆ ಗುಲಾಬಿ. ಮೇಲೆ ಹೆಡ್‌ಮಾಸ್ಟರ ಫೋಟೋ. ಕೆಳಗೆ 'ತಮ್ಮ ಆಗಮನಾಭಿಲಾಷಿಗಳು' ಎಂದು ನಮ್ಮೆಲ್ಲರ ಹೆಸರು, ಬಿಸಿಯೂಟದ ಅಕ್ಕನದೂ ಸೇರಿ. ನಡುವೆ ಉಳಿದ ಚೂರು ಜಾಗದಲ್ಲಿ ಇಡೀ ಪಾಠ, ಇರುವೆ ಸಾಲಿನಂತೆ.

"ಸರ, ಇದು ಪಾಠೇನ್ರಿ, ಮದಿವೀನ್ರಿ?"

"ಹೆಸರ ಬಿಟ್ರ ಮಂದಿ ಏನ ತಿಳ್ಕೋಬೇಕ್ರಿ? ಜನ್ಮಾ ಪೂರ್ತಿ ನೆನಪಿಡ್ತಾರ."

ನನ್ನ ಮಾತು ಕೇಳದೆ ಅದನ್ನೇ ತೋರಿಸಿದರು. ಗೋಡೆಯ ಮೇಲೆ ಬಂದದ್ದನ್ನೆಲ್ಲ ಬರೆದುಕೊಳ್ಳುವುದು ನಮ್ಮ ಮಕ್ಕಳ ರೂಢಿ. ತಲೆ ಬಗ್ಗಿಸಿ ಬರೆದದ್ದೇ ಬರೆದದ್ದು; ಕೆಲವರು ಗುಲಾಬಿಯನ್ನೂ ಬಿಡಲಿಲ್ಲ. ಹಿಂದಿನ ಬೆಂಚಿನವರು ಅಕ್ಷರ ಕಾಣದೆ ಮುಂದಿನವರ ನೋಟ್‌ಬುಕ್ಕಿಗೆ ಇಣುಕಿದರು.

"ಒಬ್ಬರೂ ನನ್ನ ಮಾರಿ ನೋಡ್ಲಿಲ್ರಿ ಬಾಯಾರ," ಎಂದು ಸರ್ ಸ್ಟಾಫ್‌ರೂಮಿಗೆ ಬಂದು ಕುಳಿತರು.

ಅಂದೇ ಪಕ್ಕದಲ್ಲಿ ಕೂರಿಸಿಕೊಂಡು ಅಂಚು, ಗುಲಾಬಿ, ಫೋಟೋ ಎಲ್ಲ ಅಳಿಸಿದೆ. ಹೆಸರು ತೆಗೆಯಲು ಮಾತ್ರ ಅವರು ಬಿಡಲಿಲ್ಲ. ಹೆಸರು ಅಳಿಸಲು ನಾನೇ ಒಬ್ಬೊಬ್ಬರ ಹತ್ತಿರ ಹೋಗಿ ಒಪ್ಪಿಗೆ ತಂದೆ. "ಅಯ್ಯ, ನನ್ನ ಹೆಸರೂ ಹಾಕಿದ್ರೇನ್ರಿ? ಒಂದ ದಿನಾರ ಇರ್ಲಿ ಬಿಡ್ರಿ," ಎಂದು ಬಿಸಿಯೂಟದ ಅಕ್ಕ ಚೌಕಾಶಿಗಿಳಿದಳು; ಕೊನೆಗೆ ಅವಳೂ ಒಪ್ಪಿದಳು.

"ಒಂದು ಸ್ಲೈಡಿಗೆ ಒಂದೇ ವಿಷಯ, ಸರ. ಅಕ್ಷರ ಹಿಂದಿನ ಬೆಂಚಿಗೆ ಕಾಣಬೇಕು. ಉಳಿದದ್ದು ನೀವು ಬಾಯಿಂದ ಹೇಳ್ರಿ," ಎಂದೆ. ಹೇಳಿ ನಾಲಿಗೆ ಕಚ್ಚಿಕೊಂಡೆ. ಅವರು ಗಂಟಲ ಮೇಲೆ ಕೈಯಿಟ್ಟು ನಕ್ಕರು.

ಆಮೇಲೆ ಅವರೇ ಮೊಬೈಲಿನಲ್ಲಿ ಒಂದು ಫೋಟೋ ತೋರಿಸಿದರು. ಅಣ್ಣಿಗೇರಿಯ ಅವರ ತಮ್ಮನ ಎರಿ ಹೊಲ; ಬೇಸಿಗೆಗೆ ಬಿರಿದ ಕರಿಮಣ್ಣಿನ ಸೀಳಿನಲ್ಲಿ ಒಂದು ಚಪ್ಪಲಿ ಸಿಕ್ಕಿಕೊಂಡಿತ್ತು.

"ಹುಡುಗ್ರ ಮಾತಾಡ್ಲಿ. ನಾ ಕಡೀಕ ಒಂದ ಮಾತ ಹೇಳ್ತೀನಿ," ಎಂದರು.

ಮುಂದಿನ ಪಾಠದ ದಿನ ನಾನು ಹಿಂದಿನ ಬೆಂಚಿನಲ್ಲಿ ಕುಳಿತೆ. ಹೆಡ್‌ಮಾಸ್ಟರು ಬಂದು ನನ್ನ ಬಾಜು ಕುಳಿತರು. ಸರ್ ಇನ್ನು ತರಗತಿಗೋ ಆಫೀಸಿಗೋ ಎಂಬುದು ಅವತ್ತೇ ತೀರ್ಮಾನವಾಗುವುದಿತ್ತು.

ಗೋಡೆಯ ತುಂಬ ಆ ಹೊಲ. ಕೆಳಗೆ ಒಂದೇ ಪ್ರಶ್ನೆ: ಈ ನೆಲ ಯಾಕೆ ಬಿರಿದಿದೆ?

"ಸರ, ಚಪ್ಪಲಿ ಯಾರದ್ರಿ?"

"ನಮ್ಮ ಗದ್ದಿ ಇಷ್ಟ ಬಿರಿಯೂದಿಲ್ರಿ!"

"ಬಿಸಲಿಗೆ ಬಿರಿದೈತ್ರಿ."

"ಬಿಸಲು ನಮ್ಮೂರಾಗಿಲ್ಲೇನಲೇ?"

ಜಗಳ ಜೋರಾದಾಗ ಸರ್ ಕಂಪ್ಯೂಟರಿನ ಒಂದು ಕೀಲಿ ಒತ್ತಿದರು. ಚಿತ್ರ ಹೋಗಿ ಗೋಡೆ ಕಪ್ಪಾಯಿತು. ಬರೆದುಕೊಳ್ಳಲು ಏನೂ ಇಲ್ಲ. ಪೆನ್ನುಗಳು ನಿಂತವು, ಎಲ್ಲರ ಮುಖ ಅವರತ್ತ ತಿರುಗಿತು. ತರಗತಿ ತಣ್ಣಗಾಯಿತು.

"ಎರಿ ಮಣ್ಣ ನೀರ ಕುಡದ್ರ ಉಬ್ಬತೈತಿ, ಒಣಗಿದ್ರ ಕುಗ್ಗತೈತಿ. ಹಿಂಗ ಕುಗ್ಗಿದಾಗ ಬಿರಕ ಬಿಡತೈತಿ," ಎಂದರು ಸರ್, ಇದ್ದಷ್ಟೇ ದನಿಯಲ್ಲಿ. ಆಮೇಲೆ ಮಕ್ಕಳ ತಲೆಗಳ ಮೇಲಿಂದ ನನ್ನತ್ತ ನೋಡಿ, "ಹಿಂದ ಕೇಳಿಸ್ತೇನ್ರಿ?" ಎಂದು ಕೇಳಿದರು.

ನಾನು ಬಾಯಿ ತೆರೆಯುವಷ್ಟರಲ್ಲಿ ಬಾಜುವಿನಲ್ಲಿ ಹೆಡ್‌ಮಾಸ್ಟರು ಬೆಂಚು ಬಿಟ್ಟು ಎದ್ದು ನಿಂತರು.

"ಕೇಳಿಸ್ತ್ರಿ ಸರ," ಎಂದರು.