ಒನಕೆಯ ಉಸಿರು

ನಾನು ಚಿಕ್ಕವಳಿದ್ದಾಗ ಇಡೀ ಮುಂಡಾಜೆಯಲ್ಲಿ ನನ್ನಷ್ಟು ಜೋರಾಗಿ ಓಡುವ ಹುಡುಗಿ ಬೇರೆ ಇರಲಿಲ್ಲ. ಹಾಗೆಂದು ಹೇಳುತ್ತಿದ್ದವಳು ನಾನೊಬ್ಬಳೇ. ಅಪ್ಪನಿಗೆ ನನ್ನ ಓಟ ಹಿಡಿಸುತ್ತಿರಲಿಲ್ಲ. ಶಾಲೆಯ ಆಟೋಟದ ದಿನ ಬೆಳಿಗ್ಗೆ ಅವರು, "ಇವತ್ತು ಗೆದ್ದರೆ ಬೆಳ್ತಂಗಡಿಯ ಪಂದ್ಯಕ್ಕೆ ಕಳಿಸುವ. ಸೋತರೆ ಇನ್ನು ಓಟದ ಸುದ್ದಿ ಬೇಡ" ಎಂದರು.

ಓಡುವವಳ ಹೊಟ್ಟೆ ಗಟ್ಟಿ ಇರಬೇಕೆಂದು ಅಮ್ಮ ಬಟ್ಟಲು ತುಂಬ ಬಿಸಿ ಕುಚ್ಚಲಕ್ಕಿ ಗಂಜಿ ಬಡಿಸಿದರು. ಜೊತೆಗೆ ಮಾವಿನ ಮಿಡಿ, ಸುಟ್ಟ ಮೆಣಸಿನ ಚಟ್ನಿ. ನಾನು ಗಂಜಿತಿಳಿಯನ್ನೂ ಬಿಡದೆ ಕುಡಿದೆ. ಆಗೆಲ್ಲ ಯಾವ ದೊಡ್ಡ ಕೆಲಸಕ್ಕೆ ಹೊರಟರೂ ಗಂಜಿ ಉಂಡೇ ಹೊರಡಬೇಕಿತ್ತು.

ಮೈದಾನದ ಮೊದಲ ಸುತ್ತಿನಲ್ಲಿ ನಾನೇ ಮುಂದೆ. ಎರಡನೆಯದರಲ್ಲಿ ಗಂಜಿ ಕುಲುಕತೊಡಗಿತು. ಪಕ್ಕೆಯಲ್ಲಿ ಮುಳ್ಳು ಚುಚ್ಚಿದಂಥ ನೋವು. ಎದೆ ಡವಡವ, ಬಾಯಿ ಒಣಗಿತು, ಕಾಲು ಭಾರವಾಯಿತು. ಹುಡುಗಿಯರು ಒಬ್ಬೊಬ್ಬರಾಗಿ ನನ್ನನ್ನು ದಾಟಿದರು. ಬೇಲಿಯ ಬದಿ ನಿಂತಿದ್ದ ಅಪ್ಪನ ಮುಖ ನೋಡಲು ಧೈರ್ಯ ಸಾಲಲಿಲ್ಲ.

ಅವರ ಪಕ್ಕದಲ್ಲಿ ಅಕ್ಕ ಇದ್ದಳು. ಮನೆಯಲ್ಲಿ ಒಂದೇ ಒರಳಿಗೆ ಎದುರುಬದುರು ನಿಂತು ಭತ್ತ ಕುಟ್ಟುವವರು ನಾವಿಬ್ಬರೇ. ಒನಕೆ ಎತ್ತುವಾಗ ಉಸಿರು ಒಳಗೆ, ಇಳಿಯುವಾಗ 'ಹುಸ್' ಎಂದು ಹೊರಗೆ. ಇದು ತಪ್ಪಿದರೆ ಬೇಗ ಸುಸ್ತು. ಅಕ್ಕ ಗಂಟಲು ಹರಿಯುವಂತೆ ಕೂಗಿದಳು: "ಉಸಿರು ಕಟ್ಟಿಕೊಂಡು ಓಡುವುದು ಎಂಥದು ಮಾರಾಯ್ತಿ? ಭತ್ತ ಕುಟ್ಟುವ ಹಾಗೆ ಬಿಡು."

ಬಿಟ್ಟೆ. ಹುಸ್, ಹುಸ್. ಹೆಜ್ಜೆಯೂ ಒನಕೆಯ ಲಯಕ್ಕೆ ಬಂತು. ನಿಧಾನವಾಗಿ ಪಕ್ಕೆ ಸಡಿಲಾಯಿತು, ಬೆವರಿಗೆ ಗಾಳಿ ತಾಗಿ ಮೈ ತಣ್ಣಗಾಯಿತು, ಅಷ್ಟು ಹೊತ್ತು ಎಲ್ಲಿ ಅಡಗಿತ್ತೋ, ಹೊಸ ಕಸುವು ಕಾಲಿಗೆ ಇಳಿಯಿತು. ಮುಂದೆ ಹೋದವರನ್ನೆಲ್ಲ ಹಿಂದೆ ಹಾಕಿ ಮೊದಲಿಗಳಾಗಿ ಗೆರೆ ದಾಟಿದೆ. ಖುಷಿಗೆ ಅಳುವೇ ಬಂತು. ಅಪ್ಪ ಹೆಗಲ ಬೈರಾಸಿನಿಂದ ನನ್ನ ಬೆವರು ಒರೆಸಿ, "ಬೆಳ್ತಂಗಡಿಗೆ ಹೋಗುವ ದಿನ ಗಂಜಿ ಸ್ವಲ್ಪ ಕಡಿಮೆ ಉಣ್ಣು" ಎಂದರು. ಮರುದಿನ ತೊಡೆ ನೋವಿಗೆ ಮೆಟ್ಟಿಲು ಇಳಿಯಲಾಗಲಿಲ್ಲ. ಆ ನೋವಿನ ಮೇಲೂ ನನಗೆ ಜಂಬವೇ.

ಈಗ ನನ್ನ ಮೊಮ್ಮಗಳು ಮೂಡುಬಿದಿರೆಯಲ್ಲಿ ಶೂ ಹಾಕಿಕೊಂಡು ಕೆಂಪು ಟ್ರ್ಯಾಕಿನಲ್ಲಿ ಓಡುತ್ತಾಳೆ. ಅವಳ ಕೈಯ ವಾಚು ಎದೆಬಡಿತ ತೋರಿಸುತ್ತದೆ. ನಾನು ಬರಿಗಾಲಲ್ಲಿ ಓಡಿದವಳು, ನಮ್ಮ ಮನೆಯಲ್ಲಿ ಗಡಿಯಾರವೇ ಇರಲಿಲ್ಲ. ಒನಕೆ ಹಿಡಿದೇ ಗೊತ್ತಿಲ್ಲದ ಅವಳಿಗೆ ನಾನು ಕಲಿಸಿದ್ದು 'ಹುಸ್' ಒಂದನ್ನೇ. ಮೊನ್ನೆ ಪಂದ್ಯದ ನಡುವೆ ಅವಳೂ ಪಕ್ಕೆ ಹಿಡಿದು ಬಗ್ಗಿದಳು. ನಾನು ಎದ್ದು ನಿಂತು ಅಕ್ಕನ ಹಾಗೆಯೇ ಕೂಗಿದೆ. ಅವಳು ನೆಟ್ಟಗಾದಳು, ಓಡಿದಳು, ಗೆದ್ದಳು.

ಬಂದವಳೇ ತನ್ನ ವಾಚು ಬಿಚ್ಚಿ ನನ್ನ ಕೈಗೆ ಕಟ್ಟಿ ನೋಡಿದಳು. ಓಡದ ಅಜ್ಜಿಯ ಎದೆ ಓಡಿದ ಮೊಮ್ಮಗಳ ಎದೆಗಿಂತ ಜೋರಾಗಿ ಬಡಿಯುತ್ತಿತ್ತು.